ನಿಧಾನ ಕರೆಂಟಿನ ಗಡಿಯಾರ

ನಮ್ಮ ನಡುಮನೆಯ ಕಪಾಟಿನ ಮೇಲೆ, ರೇಡಿಯೋದ ಪಕ್ಕದಲ್ಲಿ, ಮುಳ್ಳುಗಳಿಲ್ಲದ ಒಂದು ಗಡಿಯಾರವಿದೆ. ಇಟ್ಟಿಗೆಯಷ್ಟು ಉದ್ದ, ಹೆಚ್ಚುಕಡಿಮೆ ಅಷ್ಟೇ ತೂಕ. ಮರವೆಂದು ನಂಬಿಸಲು ಗೆರೆ ಎಳೆದ ಪ್ಲಾಸ್ಟಿಕ್ಕಿನ ಮೈ. ಮುಂದೆ ಕಪ್ಪು ಗಾಜು, ಅದರ ಹಿಂದೆ ದಾಸವಾಳದ ಕೆಂಪಿನಲ್ಲಿ ಉರಿಯುವ ನಾಲ್ಕು ಅಂಕಿಗಳು. ಹಿಂಬದಿಯಲ್ಲಿ ಇಲಿಯ ಬಾಲದಂಥ ತಂತಿ, ತಂತಿಯ ಕೊನೆಗೊಂದು ಪ್ಲಗ್ಗು. ಕೀಲಿ ಕೊಡುವ ರಗಳೆಯಿಲ್ಲ, ಬ್ಯಾಟರಿಯ ಹಂಗಿಲ್ಲ, ಗೋಡೆಯ ವಿದ್ಯುತ್ತನ್ನು ಕುಡಿದೇ ಬದುಕುವ ಜೀವ ಅದು. ಕರೆಂಟು ಹೋದರೆ ಅದರ ನೆನಪೆಲ್ಲ ಹೋಗುತ್ತದೆ. ಮರಳಿ ಬಂದಾಗ ಹನ್ನೆರಡು ಗಂಟೆ, ಹನ್ನೆರಡು ಗಂಟೆ ಎಂದು ಕಣ್ಣು ಮಿಟುಕಿಸುತ್ತಾ, ಯಾರಾದರೂ ಬಂದು ಸರಿಯಾದ ಹೊತ್ತು ಹೇಳಿಕೊಡುವ ತನಕ ಎಳೆಗೂಸಿನಂತೆ ಕಾಯುತ್ತದೆ. ಈ ಗಡಿಯಾರ ಹಲವು ವರ್ಷ ತಪ್ಪು ಸಮಯ ತೋರಿಸಿತು. ಅದರ ತಪ್ಪನ್ನು ತಿದ್ದಹೊರಟ ನಾನು ಏನೇನು ತೋರಿಸಿಕೊಂಡೆ ಎಂಬುದನ್ನು ನಿಮ್ಮ ಮುಂದೆ ಒಪ್ಪಿಸುವುದಷ್ಟೇ ಈ ಬರಹದ ಉದ್ದೇಶ.

ಅದು ನನ್ನ ಕೈಸೇರಿದ್ದು ಕಾಟನ್‌ಪೇಟೆಯ ಒಂದು ಮುದ್ರಣಾಲಯದಿಂದ. ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟು ಅಲ್ಲಿಗೆ ಸೇರಿದ ನಾನು ಮೂವತ್ತು ಚಿಲ್ಲರೆ ವರ್ಷ ಕರಡಚ್ಚು ತಿದ್ದಿದೆ. ತೊಂಬತ್ತರ ದಶಕದ ನಡುವಿನಲ್ಲಿ ಯಜಮಾನರು ಮುದ್ರಣಾಲಯವನ್ನು ಮುಚ್ಚುವಾಗ, ನೆನಪಿಗೆ ಬೇಕಾದ ವಸ್ತುವೊಂದನ್ನು ಒಯ್ಯಿರೆಂದು ನಮಗೆಲ್ಲ ಹೇಳಿದರು. ಬುದ್ಧಿವಂತರು ಫ್ಯಾನು, ಕುರ್ಚಿ, ಕಬ್ಬಿಣದ ಬೀರು ಒಯ್ದರು; ನಾನು ಅವರ ಮೇಜಿನ ಮೇಲಿದ್ದ ಈ ವಿದೇಶಿ ಗಡಿಯಾರವನ್ನು ಅಪ್ಪಿಕೊಂಡು ಬಸ್ಸು ಹತ್ತಿದೆ.

ಕರಡು ತಿದ್ದುವವನ ವಿದ್ಯೆ ವಿಚಿತ್ರವಾದದ್ದು. ವೈದ್ಯ, ಕಾನೂನು, ಅಡುಗೆ, ಅದ್ವೈತ, ಕೋಳಿಸಾಕಣೆ, ಹೀಗೆ ಬಂದದ್ದೆಲ್ಲವನ್ನೂ ನಾನು ಓದಿದ್ದೇನೆ, ಆದರೆ ಎಲ್ಲವನ್ನೂ ತಪ್ಪು ಹುಡುಕುವುದಕ್ಕಾಗಿಯೇ ಓದಿದ್ದೇನೆ. ಅಚ್ಚಾದ ಮಾತು ಹೇಗೆ ಅಚ್ಚಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವನಿಗೆ ಅದರ ಮೇಲೆ ಭಕ್ತಿ ಉಳಿಯುವುದು ಕಷ್ಟ. ಒಂದು ವರ್ಷದ ಪಂಚಾಂಗದಲ್ಲಿ ಏಕಾದಶಿಯನ್ನು ಎರಡು ದಿನ ಆಚೆಗೆ ತಳ್ಳಲು ಹೊರಟಿದ್ದುದು ಗ್ರಹಗಳಲ್ಲ, ಕನ್ನಡಕ ಮರೆತು ಬಂದಿದ್ದ ನಮ್ಮ ಅಚ್ಚಿನ ಮೊಳೆ ಜೋಡಿಸುವಾತ. ಹೀಗೆ ಹತ್ತಿದ ಅನುಮಾನದ ಚಟ ಬರಬರುತ್ತ ನನಗೆ ಬಿರುದಿನಂತಾಯಿತು. ನಮ್ಮ ಬಸವನಗುಡಿಯ ಕಲ್ಲಿನ ಬಸವಣ್ಣ ಬೆಳೆಯುತ್ತಲೇ ಇದ್ದನೆಂದೂ ತಲೆಗೆ ಮೊಳೆ ಹೊಡೆದ ಮೇಲೆ ನಿಂತನೆಂದೂ ಊರೆಲ್ಲ ಹೇಳುವುದನ್ನು ಕೇಳಿ, ಯೌವನದಲ್ಲಿ ಒಮ್ಮೆ ಅಳತೆಯ ದಾರ ಹಿಡಿದು ಗುಡಿಗೆ ಹೋದವನು ನಾನು. "ಬೆಳೆಯೋದು ನಿಂತ್ಮೇಲೆ ಅಳೆದರೆ ಏನು ಗೊತ್ತಾಗುತ್ತಪ್ಪ" ಎಂದು ಅಲ್ಲಿದ್ದ ಮುದುಕರೊಬ್ಬರು ಕೇಳಿದ ಮೇಲೆ ದಾರವನ್ನು ಸುತ್ತಿ ಜೇಬಿಗಿಟ್ಟುಕೊಂಡು ಬಂದೆ. ಅಂದೇ ಪಾಠ ಕಲಿಯಬಹುದಿತ್ತು. ಆದರೆ ನಾನು ಯಾರೋ ಹೇಳಿಕೊಟ್ಟ ಪಾಠ ಕಲಿಯುವವನಲ್ಲವಷ್ಟೆ.

ಗಡಿಯಾರದ ದೋಷ ಮನೆಗೆ ಬಂದ ವಾರದಲ್ಲೇ ಬಯಲಾಯಿತು. ಬೆಳಗಿನ ರೇಡಿಯೋ ವಾರ್ತೆಗೆ ಮುಂಚೆ ಬರುವ ಪೀಂ ಪೀಂ ಸದ್ದಿಗೆ ಸರಿಯಾಗಿ ಏಳು ಗಂಟೆಗೆ ಅದನ್ನು ಹೊಂದಿಸಿಟ್ಟರೆ, ಮರುದಿನ ಅದೇ ಪೀಂ ಪೀಂ ಹೊತ್ತಿಗೆ ಅದು ಆರೂವರೆ ದಾಟಿ ಎಲ್ಲೋ ದಾರಿಯಲ್ಲಿರುತ್ತಿತ್ತು. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು, ಕೆಲವೊಮ್ಮೆ ಮೂವತ್ತು ನಿಮಿಷದ ವಿಳಂಬ. ನನ್ನ ಹೆಂಡತಿ ಸಾವಿತ್ರಿಗೆ ಇದರಿಂದ ಅನುಕೂಲವೇ ಆಗಿತ್ತು. ಗುರುವಾರ ಮಧ್ಯಾಹ್ನ ಒಂದೂವರೆಗೆ ರಾಹುಕಾಲ ಹಿಡಿಯುವುದರೊಳಗೆ ತಂಗಿಯ ಮನೆಗೆ ಹೊರಡಬೇಕಾದಾಗ, ಗೋಡೆಯ ಗಡಿಯಾರ ಒಂದು ಮೂವತ್ತೈದು ತೋರಿಸಿದರೂ ಈ ಕೆಂಪು ಅಂಕಿಗಳು ಇನ್ನೂ ಒಂದು ಇಪ್ಪತ್ತೈದರಲ್ಲಿರುತ್ತಿದ್ದವು. "ನನಗೆ ಇದರ ರಾಹುಕಾಲವೇ ಸಾಕು" ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದಳು. ನನಗೆ ಮಾತ್ರ ಕಣ್ಣೆದುರಿಗೊಂದು ತಪ್ಪು ಹಗಲಿಡೀ ಕೆಂಪಗೆ ಉರಿಯುತ್ತಿರುವುದು ಸಹ್ಯವಾಗಲಿಲ್ಲ.

ಹನುಮಂತನಗರದಲ್ಲಿ ಮುನಿರಾಜು ಎಂಬವರ ರಿಪೇರಿ ಅಂಗಡಿಯಿತ್ತು. ಎರಡು ಬಾಗಿಲಗಲದ ಮಳಿಗೆ, ಅದರ ತುಂಬ ಹೊಟ್ಟೆ ಬಿಚ್ಚಿಕೊಂಡು ಕುಳಿತ ರೇಡಿಯೋಗಳು, ಟಿವಿಗಳು. ಅವರ ಮನೆತನದ್ದು ತರಕಾರಿ ವ್ಯಾಪಾರ. ಇವರೊಬ್ಬರೇ ಅದನ್ನು ಬಿಟ್ಟು ತಂತಿಗಳ ಹಿಂದೆ ಬಿದ್ದವರು. ನನಗಿಂತ ಇಪ್ಪತ್ತು ವರ್ಷವಾದರೂ ಚಿಕ್ಕವರು, ಮಾತು ಕಡಿಮೆ. ಗಡಿಯಾರವನ್ನು ಒಂದು ವಾರ ಇಟ್ಟುಕೊಂಡಿದ್ದು, ಕೇಳಲು ಹೋದಾಗ ಬಟ್ಟೆಯಲ್ಲಿ ಒರೆಸಿ ನನ್ನ ಮುಂದಿಟ್ಟರು.

"ಸಾರ್, ಇದಕ್ಕೇನೂ ಆಗಿಲ್ಲ. ಕರೆಂಟೇ ನಿಧಾನ ಬರ್ತಿದೆ."

"ನಿಧಾನ ಅಂದರೆ? ವೋಲ್ಟೇಜು ಕಡಿಮೆಯೇ?"

"ವೋಲ್ಟೇಜ್ ಬೇರೆ ಸಾರ್. ಕರೆಂಟು ಅನ್ನೋದು ಆ ಕಡೆ ಈ ಕಡೆ ತೂಗ್ತಿರುತ್ತೆ, ಉಯ್ಯಾಲೆ ಥರ. ಸೆಕೆಂಡಿಗೆ ಐವತ್ತು ಸಲ ತೂಗ್ಬೇಕು. ಈ ಗಡಿಯಾರ ಅದನ್ನ ಎಣಿಸ್ಕೊಂಡು ಟೈಮ್ ತೋರ್ಸೋದು. ಐವತ್ತಾದ್ರೆ ಒಂದು ಸೆಕೆಂಡು ಅಂತ ಲೆಕ್ಕ. ಈಗ ನಲವತ್ತೊಂಬತ್ತೇ ತೂಗ್ತಿದೆ, ಸಾಯಂಕಾಲ ಆದ್ರೆ ಇನ್ನೂ ಕಮ್ಮಿ. ಅದಕ್ಕೇ ಹಿಂದೆ ಬೀಳ್ತಿದೆ."

"ನೀವು ಎಣಿಸಿ ನೋಡಿದಿರಾ?"

"ನಾನ್ಯಾಕ್ ಎಣಿಸ್ಲಿ ಸಾರ್, ಗಡಿಯಾರ ಎಣಿಸ್ತಿದೆಯಲ್ಲ."

ಇದನ್ನೆಲ್ಲ ಯಾರು ಕಲಿಸಿದರೆಂದು ಕೇಳಿದೆ. "ಯಾರೂ ಇಲ್ಲ. ಬಿಚ್ಚಿ ಬಿಚ್ಚಿ ನೋಡ್ತಾ ಗೊತ್ತಾಯ್ತು" ಎಂದರು. ಕೂಲಿಯೆಷ್ಟೆಂದರೆ, ಏನೂ ಮಾಡದೆ ಏನು ತೆಗೆದುಕೊಳ್ಳಲಿ ಎಂದುಬಿಟ್ಟರು. ಯಾವ ಶಾಲೆಯ ಹಂಗೂ ಇಲ್ಲದೆ ತಾನೇ ನೋಡಿ ತಾನೇ ಕಲಿತ ಮನುಷ್ಯನೊಬ್ಬ, ತನ್ನಂತೆಯೇ ಬೆಳೆದ ಇನ್ನೊಬ್ಬನಿಗೆ ನಿಜವನ್ನು ಇಷ್ಟು ಬಿಡಿಸಿ ಹೇಳಿದಾಗ ಆ ಇನ್ನೊಬ್ಬ ಏನು ಮಾಡಬೇಕಿತ್ತು? ನಾನು ಮಾಡಿದ್ದೇ ಬೇರೆ. ಗೋಡೆಯ ಮೇಲೆ ಸರ್ಟಿಫಿಕೇಟೇನಾದರೂ ಇದೆಯೇ ಎಂದು ನೋಡಿದೆ. ಇರಲಿಲ್ಲ. ನನ್ನ ಮನೆಯ ಗೋಡೆಯ ಮೇಲೂ ಇಲ್ಲವೆಂಬುದು ಆಗ ನೆನಪಾಗಲಿಲ್ಲ.

ಅಂದು ಸಂಜೆ ಪಾರ್ಕಿನಲ್ಲಿ ಇದನ್ನು ಸವಿಸ್ತಾರವಾಗಿ ಬಣ್ಣಿಸಿದೆ. ಮಳೆಮರದ ಕೆಳಗಿನ ಕಲ್ಲುಬೆಂಚು ನಮ್ಮ ಆಸ್ಥಾನ. ನಿವೃತ್ತರಾದ ನಾಲ್ಕೈದು ಮಂದಿ ಅಲ್ಲಿ ಸೇರಿ ಪ್ರಪಂಚದ ತಪ್ಪುಗಳನ್ನು ಸರಿಪಡಿಸುತ್ತೇವೆ. ಭೂಗೋಳದ ಮೇಷ್ಟರಾಗಿದ್ದ ಶಾಮಣ್ಣನವರು ಅದರ ಅಘೋಷಿತ ಅಧ್ಯಕ್ಷರು. ಯಾರಿಗಾದರೂ ಅಡ್ಡಹೆಸರೊಂದು ಈ ಬೆಂಚಿನಲ್ಲಿ ಹುಟ್ಟಿತೆಂದರೆ ಎಂಟು ದಿನದೊಳಗೆ ಅದು ಗಾಂಧಿಬಜಾರಿನ ಕಾಫಿ ಹೋಟೆಲುಗಳನ್ನು ಮುಟ್ಟಿ, ಹದಿನೈದು ದಿನದೊಳಗೆ ಹನುಮಂತನಗರವನ್ನು ಸುತ್ತಿ, ಹೆಸರಿನ ಒಡೆಯನ ಕಿವಿಗೇ ಬಂದು ಬೀಳುತ್ತದೆ.

"ನೋಡಿ, ಕರೆಂಟು ಅಂದರೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ" ಎಂದೆ ನಾನು, ಬೆರಳೆತ್ತಿ. "ಸ್ವಿಚ್ಚು ಹಾಕಿದರೆ ದೀಪ ಫಕ್ಕನೆ ಹತ್ತುತ್ತೋ ಇಲ್ಲವೋ? ನಿಧಾನವಾಗಿದ್ದರೆ ನಿಧಾನವಾಗಿ ಹತ್ತಬೇಕಿತ್ತಲ್ಲ?"

"ಕರೆಂಟಿಗೂ ಮಂಡಿನೋವು ಬಂತೇನ್ರಿ?" ಎಂದರು ಶಾಮಣ್ಣ.

ಬೆಂಚು ನಕ್ಕಿತು. ಮೆಚ್ಚುಗೆಯ ಆ ನಗು ನನ್ನ ತಲೆಗೇರಿತು. ಮುನಿರಾಜುವಿನ ಉಯ್ಯಾಲೆಯನ್ನು ಕೈಯಾಡಿಸಿ ಅಭಿನಯಿಸಿದೆ. ಕೂಲಿ ಬೇಡವೆಂದದ್ದನ್ನೂ ಹೇಳಿದೆ. "ಬಿಟ್ಟಿ ಕೆಲಸ ಮಾಡೋನು ಒಳಗಿಂದ ಏನೋ ಬಿಚ್ಕೊಂಡಿರ್ತಾನೆ, ನೋಡ್ಕೊಳ್ಳಿ" ಎಂದು ಯಾರೋ ಸೇರಿಸಿದರು. ಹಾಗಿರಲಾರದೆಂದು ಒಳಮನಸ್ಸಿಗೆ ಗೊತ್ತಿದ್ದರೂ ನಾನು ಅಲ್ಲಗಳೆಯಲಿಲ್ಲ, ಕಥೆಗೆ ಅದರಿಂದ ರುಚಿ ಹೆಚ್ಚುತ್ತಿತ್ತು. ಎದ್ದು ಹೊರಡುವ ಹೊತ್ತಿಗೆ ಮುನಿರಾಜುವಿಗೆ 'ನಿಧಾನ ಕರೆಂಟು' ಎಂಬ ಹೆಸರು ಬಿದ್ದಿತ್ತು.

ಇತ್ತ ನನ್ನ ಸ್ವಂತ ಸಂಶೋಧನೆ ಆರಂಭವಾಯಿತು. ಉದ್ದನೆಯ ನೋಟುಪುಸ್ತಕವೊಂದಕ್ಕೆ ಗೆರೆ ಹಾಕಿ, ದಿನವೂ ಬೆಳಗ್ಗೆ ಏಳಕ್ಕೆ ಗಡಿಯಾರವನ್ನು ರೇಡಿಯೋಗೆ ಹೊಂದಿಸಿ, ಮಧ್ಯಾಹ್ನದ ವಾರ್ತೆ, ಸಂಜೆಯ ವಾರ್ತೆ, ಮರುದಿನ ಬೆಳಗಿನ ವಾರ್ತೆಗಳಿಗೆ ಅದು ಎಷ್ಟು ಹಿಂದೆ ಬಿದ್ದಿದೆಯೆಂದು ಬರೆದಿಟ್ಟೆ. ಕರೆಂಟು ಹೋದ ದಿನಗಳಿಗೆ ಅಡ್ಡಗೀಟು. ಷರಾ ಎಂಬ ಕಲಮಿನಲ್ಲಿ ಹವಾಮಾನ, ಹಬ್ಬಹರಿದಿನ, ಇತರ ವಿಶೇಷಗಳು. ಸೆಕೆಯೇ ಕಾರಣವಿರಬಹುದೆಂದು ಕಿಟಕಿಯ ಬಳಿಗೆ ಸರಿಸಿದೆ. ಒದ್ದೆ ಬಟ್ಟೆ ಹೊದಿಸಲು ಹೋದಾಗ ಸಾವಿತ್ರಿ ಪ್ಲಗ್ಗು ಕಿತ್ತು, ತನ್ನ ತಾಳಿ ಮುಟ್ಟಿಕೊಂಡು ನನ್ನನ್ನು ನೋಡಿದಳು. ಹಲ್ಲಿ ಹೊಕ್ಕಿರಬಹುದೆಂದು ಕರ್ಪೂರದ ಹೊಗೆ ಹಾಕಿದೆ. ಸ್ಟೆಬಿಲೈಜರ್ ತಂದು ಜೋಡಿಸಿದೆ. ಗಡಿಯಾರ ಇದಾವುದಕ್ಕೂ ಜಗ್ಗದೆ ಹಿಂದೆ ಹಿಂದೆಯೇ ನಡೆಯಿತು.

ಆದರೆ ಪುಸ್ತಕದಲ್ಲಿ ಒಂದು ವಿನ್ಯಾಸ ಮೂಡತೊಡಗಿತ್ತು. ಸಂಜೆಯ ಹೊತ್ತು ವಿಳಂಬ ಹೆಚ್ಚು, ಭಾನುವಾರ ಕಡಿಮೆ, ಜಡಿಮಳೆಯ ದಿನ ಇನ್ನೂ ಕಡಿಮೆ, ಬೇಸಿಗೆಯಲ್ಲಿ ವಿಪರೀತ. ಒಂದು ಬಂದ್ ದಿನವಂತೂ ಗಡಿಯಾರ ಹಿಂದೆ ಬೀಳುವುದಿರಲಿ, ಮೂರು ನಿಮಿಷ ಮುಂದೆ ಹೋಗಿತ್ತು. ಅಂದು ಖಾಲಿ ರಸ್ತೆಯನ್ನು ನೋಡುತ್ತ ನಿಂತಿದ್ದ ನನಗೆ ಹೊಳೆಯಿತು. ಬಸ್ಸು. ನಮ್ಮ ಮನೆ ಬುಲ್ ಟೆಂಪಲ್ ರಸ್ತೆಗೆ ತೀರ ಹತ್ತಿರ. ಬಸ್ಸು ಹೋದಾಗಲೆಲ್ಲ ಕಪಾಟಿನ ಗಾಜು ಗದಗುಟ್ಟುತ್ತದೆ. ಆ ಅದುರುವಿಕೆಯೇ ಗಡಿಯಾರದ ಒಳಗನ್ನು ಕೆಡಿಸುತ್ತಿದೆ. ಸಂಜೆ ಬಸ್ಸು ಹೆಚ್ಚು, ಭಾನುವಾರ ಕಡಿಮೆ, ಮಳೆಯಲ್ಲಿ ಜನ ಹೊರಡುವುದಿಲ್ಲ, ಬಂದ್ ದಿನ ಬಸ್ಸೇ ಇಲ್ಲ, ಬೇಸಿಗೆಯಲ್ಲಿ ಮದುವೆಗಳ ಓಡಾಟ. ಒಂದೊಂದು ಅಂಕಿಯೂ ಬಂದು ತನ್ನ ಸ್ಥಾನದಲ್ಲಿ ಕುಳಿತುಕೊಂಡಿತು. ಎಲ್ಲವನ್ನೂ ವಿವರಿಸಬಲ್ಲ ಸಿದ್ಧಾಂತ ದೊರೆತಾಗಿನ ಆನಂದವನ್ನು ನೀವೂ ಬಲ್ಲಿರಿ. ಆ ಆನಂದವೇ ಎಚ್ಚರಿಕೆಯ ಗಂಟೆಯಾಗಬೇಕೆಂದು ನನಗೆ ಗೊತ್ತಿರಲಿಲ್ಲ. ಹಳೆಯ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಗಡಿಯಾರದ ಕೆಳಗೆ ಹಾಸಿದೆ. ಅದು ಹಾಯಾಗಿ ಕುಳಿತುಕೊಂಡು ಮೊದಲಿನಷ್ಟೇ ತಡಮಾಡಿತು. ಕಂಬಳಿ ಸಾಲದು ಎಂದುಕೊಂಡೆ.

ಹೀಗೆ ನಾಲ್ಕು ವರ್ಷ. ಒಂದು ದಿನ ಹನುಮಂತನಗರದಿಂದ ತರಕಾರಿ ತಂದ ಸಾವಿತ್ರಿ ಚೀಲವನ್ನು ಕೆಳಗಿಡದೆಯೇ ಹೇಳಿದಳು.

"ಈರುಳ್ಳಿ ಎಲ್ಲಿ ತಂದೆ ಕೇಳಿ. ಮುನಿರಾಜು ಅಂಗಡೀಲಿ."

"ಅಲ್ಲೇಕೆ ಈರುಳ್ಳಿ?"

"ಅರ್ಧ ಅಂಗಡಿ ಅವರಣ್ಣಂಗೆ ಬಿಟ್ಕೊಟ್ಟಿದಾರೆ. ಟಿವಿ ರಿಪೇರಿಗೆ ಯಾರೂ ಬರ್ತಿಲ್ವಂತೆ. ಹುಡುಗರು ಬಾಗ್ಲಲ್ಲಿ ನಿಂತು 'ನಿಧಾನ ಕರೆಂಟು' ಅಂತ ಕೂಗಿ ಓಡ್ತಾರಂತೆ. ಅವರ ಹೆಂಡತಿ ಹೇಳ್ತಿದ್ಲು, ಯಾರು ಇಟ್ಟ ಹೆಸರೋ ಗೊತ್ತಿಲ್ಲ ಅಂತ." ಅವಳು ಈಗ ಚೀಲವನ್ನು ಕೆಳಗಿಟ್ಟಳು. "ನಾನು ಸುಮ್ನೆ ಬಂದೆ. ನಿಮ್ಮ ಪ್ರಸಾದ ಅಂತ ಹೇಗೆ ಹೇಳ್ಲಿ?"

ನನಗೆ ಮುಜುಗರವಾಯಿತು, ಆದರೆ ಪಶ್ಚಾತ್ತಾಪವಾಗಲಿಲ್ಲ. ಹೆಸರು ಕಠಿಣವಾಯಿತೇನೋ, ಮಾತು ಮಾತ್ರ ಸುಳ್ಳಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ.

ನಿಜವನ್ನು ಮಹಡಿಯಿಂದ ಇಳಿಸಿಕೊಂಡು ಬಂದವಳು ವಸುಧಾ, ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಎಂಜಿನಿಯರು. ನಾಡಿನ ವಿದ್ಯುತ್ತು ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯುತ್ತಿದೆಯೆಂದು ಪಾಳಿಯ ಮೇಲೆ ಕಾಯುವ ಕಚೇರಿಯಲ್ಲಿ ಅವಳಿಗೆ ಕೆಲಸ. ಹಬ್ಬಕ್ಕೆ ಕೊಟ್ಟಿದ್ದ ಕೋಸಂಬರಿಯ ಪಾತ್ರೆಯನ್ನು ಹಿಂದಿರುಗಿಸಲು ಬಂದವಳು, ಮೇಜಿನ ಮೇಲೆ ತೆರೆದಿದ್ದ ನನ್ನ ಪುಸ್ತಕವನ್ನು ಬಗ್ಗಿ ನೋಡಿ, ಪಾತ್ರೆಯನ್ನು ಕೆಳಗಿಡುವುದನ್ನೇ ಮರೆತಳು.

"ಅಂಕಲ್, ಇದು ನಿಮಗೆ ಹೇಗೆ ಸಿಕ್ತು? ನಮ್ಮ ಆಫೀಸಿನ ಲಾಗ್ ಬುಕ್ ಇದ್ದಂಗಿದೆಯಲ್ಲ."

"ನಾನೇ ಬರೆದದ್ದಮ್ಮ. ಗಡಿಯಾರದ್ದು."

ಅವಳು ಕುಳಿತು ಪುಟ ತಿರುವತೊಡಗಿದಳು. "ಈ ದಿನ ನೋಡಿ, ಒಂದೇ ಸಂಜೆಗೆ ಇಷ್ಟೊಂದು ಬಿದ್ದಿದೆ. ಆವತ್ತು ಪವರ್ ಸ್ಟೇಷನ್ನಿನ ದೊಡ್ಡದೊಂದು ಯೂನಿಟ್ ನಿಂತ್ಹೋಗಿತ್ತು, ನಾನೇ ಡ್ಯೂಟೀಲಿದ್ದೆ. ಬಂದ್ ದಿನ ಫ್ಯಾಕ್ಟರಿಗಳೆಲ್ಲ ಮುಚ್ಚಿದ್ವು, ಲೋಡೇ ಇರ್ಲಿಲ್ಲ, ಐವತ್ತು ದಾಟ್ಬಿಟ್ಟಿತ್ತು. ಎಲ್ಲ ಹಂಗಂಗೇ ಬಂದಿದೆ."

ನಾನು ಗಂಟಲು ಸರಿಮಾಡಿಕೊಂಡು ಬಸ್ಸುಗಳ ಸಿದ್ಧಾಂತವನ್ನು ಮಂಡಿಸಿದೆ. ಪಾಪ, ದೊಡ್ಡವರೆಂಬ ಮರ್ಯಾದೆಗೆ ಅವಳು ನಗುವನ್ನು ಕಂಬಳಿಯವರೆಗೂ ತಡೆದುಕೊಂಡಳು. ಕಂಬಳಿಯ ಹತ್ತಿರ ಸೋತುಹೋದಳು. ಕಣ್ಣೊರೆಸಿಕೊಂಡು, ಬೇಸಿಗೆಯಲ್ಲಿ ಹೊಲಗಳ ಪಂಪುಗಳೂ ಊರುಗಳ ಫ್ಯಾನುಗಳೂ ಒಟ್ಟಿಗೆ ಎಳೆಯುವಾಗ, ಸಂಜೆ ಲಕ್ಷಗಟ್ಟಲೆ ದೀಪ ಒಟ್ಟಿಗೆ ಹತ್ತುವಾಗ, ವಿದ್ಯುತ್ತು ಹುಟ್ಟಿಸುವ ಯಂತ್ರಗಳೇ ಭಾರಕ್ಕೆ ಬಳಲಿ ತುಸು ನಿಧಾನ ತಿರುಗುತ್ತವೆಂದೂ, ಆ ನಿಧಾನ ಇಡೀ ದಕ್ಷಿಣದ ಪ್ರತಿ ಪ್ಲಗ್ಗಿಗೂ ಒಂದೇ ಕ್ಷಣದಲ್ಲಿ ತಲಪುತ್ತದೆಂದೂ ಹೇಳಿದಳು. ನಾನು ನಂಬಲಿಲ್ಲ. ನಂಬದಿರುವುದು ನನ್ನ ಮಟ್ಟಿಗೆ ಉಸಿರಾಟದಂತೆ. ಅವಳಿಗೆ ಬೇಸರವಾಗಲಿಲ್ಲ. "ನಮ್ಮನೇಲಿ ಇನ್ವರ್ಟರ್ ಇದೆ, ಅದು ಬ್ಯಾಟರಿಯಿಂದ ತನ್ನ ಕರೆಂಟು ತಾನೇ ಮಾಡುತ್ತೆ. ಲೈನಿಗೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೆ ಹಾಕಿ ನೋಡಿ. ಅದೇ ರಸ್ತೆ, ಅದೇ ಬಸ್ಸು" ಎಂದಳು.

ಮೊದಲ ದಿನ ಅವಳ ಮನೆಯ ಮಾಮೂಲು ಪ್ಲಗ್ಗಿನಲ್ಲಿ ಮಧ್ಯಾಹ್ನ ಮೂರರಿಂದ ಆರು. ಐದು ನಿಮಿಷ ಹಿಂದೆ. ಮರುದಿನ ಅದೇ ಮೂರು ಗಂಟೆಯ ಕಾಲ ಇನ್ವರ್ಟರಿನ ಮೇಲೆ. ಕೈಗಡಿಯಾರವನ್ನು ಎದುರಿಗಿಟ್ಟುಕೊಂಡು ಕುರ್ಚಿ ಬಿಟ್ಟೇಳದೆ ಕುಳಿತೆ. ಹೊರಗೆ ಬಸ್ಸುಗಳು ಮನೆಯನ್ನೇ ಅಲುಗಿಸುತ್ತ ಹಾದುಹೋದವು. ಕೆಂಪು ಅಂಕಿಗಳು ಕೈಗಡಿಯಾರದ ಜೊತೆಗೆ ಹೆಗಲೆಣೆಯಾಗಿ ನಡೆದು, ಸರಿಯಾಗಿ ಆರಕ್ಕೆ ಆರು ಗಂಟೆಯೆಂದವು.

"ಇದನ್ನ ರಿಪೇರಿಯವರು ಯಾರಾದ್ರೂ ಮೊದಲೇ ಹೇಳ್ಬೇಕಿತ್ತಲ್ವಾ ಅಂಕಲ್?" ಎಂದಳು ವಸುಧಾ.

ಪರೀಕ್ಷೆಯ ಫಲ ನೋಡಲು ಮೆಟ್ಟಿಲು ಹತ್ತಿ ಬಂದಿದ್ದ ಸಾವಿತ್ರಿ ಬಾಗಿಲಲ್ಲಿ ನಿಂತು ಹೇಳಿದಳು. "ಹೇಳಿದ್ದರಮ್ಮ. ಮೊದಲ್ನೇ ಸಲವೇ ಹೇಳಿದ್ರು."

ಮಿತ್ರರೇ, ಸೋಲುಗಳಲ್ಲಿ ತರಗತಿಗಳಿವೆ. ಬೇರೆಯವರ ಸಾಕ್ಷ್ಯದಿಂದ ಸೋತವನು ಆ ಸಾಕ್ಷ್ಯವನ್ನಾದರೂ ಶಂಕಿಸಬಹುದು. ನನ್ನನ್ನು ಸೋಲಿಸಿದ್ದು ನಾಲ್ಕು ವರ್ಷ ಒಂದು ದಿನವೂ ತಪ್ಪದೆ, ಅಚ್ಚಿಗೆ ಯೋಗ್ಯವಾದ ಕೈಬರಹದಲ್ಲಿ ನಾನೇ ಬರೆದ ಪುಸ್ತಕ. ನಾಡಿನ ವಿದ್ಯುತ್ತಿನ ನಾಡಿಬಡಿತವನ್ನು ಅಷ್ಟು ನಿಷ್ಠೆಯಿಂದ ದಾಖಲಿಸಿದ ಖಾಸಗಿ ಗೃಹಸ್ಥ ಬೇರೊಬ್ಬನಿರಲಾರ, ಮತ್ತು ತಾನು ಏನು ದಾಖಲಿಸುತ್ತಿದ್ದೇನೆಂದು ಅವನಷ್ಟು ತಿಳಿಯದವನೂ ಇರಲಾರ. ಆ ರಾತ್ರಿಯ ಊಟದ ಮೇಲೆ ಗಡಿಯಾರವನ್ನು ನೋಡುತ್ತ ಕುಳಿತಾಗ ಅದು ಬೇರೆಯೇ ಆಗಿ ಕಂಡಿತು. ನಾನೆಂದೂ ನೋಡದ ಯಾವುದೋ ಹೊಲದಲ್ಲಿ ಕಬ್ಬಿಗೆ ನೀರೆತ್ತುವ ಪಂಪು, ಚಿಕ್ಕಪೇಟೆಯ ಸೀರೆಯಂಗಡಿಯ ಝಗಮಗ, ಯಾರದೋ ಮನೆಯ ದೋಸೆಹಿಟ್ಟಿನ ಗ್ರೈಂಡರು, ಇವೆಲ್ಲ ಸೇರಿ ನನ್ನ ಕಪಾಟಿನ ಮೇಲಿನ ಒಂದೊಂದು ನಿಮಿಷವನ್ನೂ ಒಂದಿಷ್ಟು ಜಗ್ಗಿ ಉದ್ದ ಮಾಡುತ್ತಿದ್ದವು. ತನಗೆ ಕೇಳಿಸಿದ್ದನ್ನು ಒಂದೂ ಬಿಡದೆ, ಒಂದೂ ಸೇರಿಸದೆ ಅದು ಎಣಿಸಿತ್ತು. ಕೇಳಿಸಿದ್ದನ್ನು ಕೇಳಿಸಿದಷ್ಟೇ ಹೇಳುವ ಆ ಗುಣ ನನ್ನಲ್ಲಿದ್ದಿದ್ದರೆ ಬೆಂಚಿನ ಆ ಸಂಜೆ ಬೇರೆಯಾಗಿರುತ್ತಿತ್ತು. ಇಷ್ಟು ಕಾಲ ನಾನು ಅನುಮಾನವನ್ನೇ ವಿಚಾರವೆಂದು ತಿಳಿದಿದ್ದೆ. ವಿಚಾರ ಮಾಡುವವನು ಎದ್ದು ಹೋಗಿ ನೋಡುತ್ತಾನೆ. ಅನುಮಾನಿಸುವವನಿಗೆ ಕುಳಿತಲ್ಲಿಂದ ಏಳುವ ಅಗತ್ಯವಿಲ್ಲ, ಅವನ ಕೆಲಸಕ್ಕೆ ಬೆಂಚು ಸಾಕು.

ಕ್ಷಮೆಯನ್ನು ಮೂರು ಸಲ ಬರೆದು ತಿದ್ದಿ, ಬಾಯಿಪಾಠ ಮಾಡಿಕೊಂಡು ಮುನಿರಾಜು ಅಂಗಡಿಗೆ ಹೋದೆ. ಅರ್ಧಕ್ಕೆ ಈರುಳ್ಳಿ ಮೂಟೆಗಳು, ಇನ್ನರ್ಧದ ಮೂಲೆಯಲ್ಲಿ ಅವರು, ಕೈಯಲ್ಲಿ ಹೊಗೆಯಾಡುವ ಬೆಸುಗೆಯ ಕಡ್ಡಿ. ನಾನು ಹೇಳುವುದನ್ನು ಕೊನೆಯವರೆಗೂ ಕೇಳಿದರು. ಆ ಹೆಸರು ಹುಟ್ಟಿದ್ದು ನನ್ನ ಬಾಯಿಂದ ಎಂದಾಗ ಮಾತ್ರ ಕಡ್ಡಿಯನ್ನು ಅದರ ಗೂಡಿಗಿಟ್ಟರು.

"ಗೊತ್ತಿತ್ತು ಸಾರ್. ಗಡಿಯಾರದ ವಿಷಯ ನಿಮಗ್ಬಿಟ್ರೆ ಇನ್ಯಾರಿಗೂ ನಾನ್ ಹೇಳಿರ್ಲಿಲ್ಲ."

ನಾನು ಮೂರನೆಯ ಕರಡಿನ ಕೊನೆಯ ಸಾಲಿಗೇ ಮರಳಿ, ತಪ್ಪಾಯಿತು ಎಂದೆ.

"ತಪ್ಪಾಯ್ತು ಅಂತ ನನಗ್ಯಾಕ್ ಹೇಳ್ತೀರ?" ಎಂದರು, ಸಿಟ್ಟಿಲ್ಲದೆ. "ಕರೆಂಟು ನಿಧಾನ ಅಂತ ನನಗ್ ಗೊತ್ತಿರೋದೇ. ಗೊತ್ತಿಲ್ದೋರು ಪಾರ್ಕಲ್ಲಿ ಕೂತಿದಾರೆ. ಅಲ್ಲಿ ಹೇಳಿ ಹೋಗಿ."

ನ್ಯಾಯವಾದ ಮಾತು. ಅದೇ ಸಂಜೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬೆಂಚಿನ ಮುಂದೆ ನಿಂತೆ. ಉಯ್ಯಾಲೆ, ಐವತ್ತು, ನಲವತ್ತೊಂಬತ್ತು, ಇನ್ವರ್ಟರು, ಎಲ್ಲವನ್ನೂ ಕ್ರಮವಾಗಿ ಹೇಳಿ, ಮುನಿರಾಜು ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು ಎಂದು ಮುಗಿಸಿದೆ. ಶಾಮಣ್ಣನವರು ಟೋಪಿ ಸರಿಮಾಡಿಕೊಂಡರು.

"ಅಲ್ರೀ, ನೀವೇ ಹೇಳಿದ್ರಲ್ಲ, ಕರೆಂಟು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅಂತ."

"ಹೇಳಿದ್ದೆ. ಅದು ತಪ್ಪು."

"ದೀಪ ಫಕ್ಕನೆ ಹತ್ತುತ್ತಲ್ಲ?"

"ಹತ್ತುತ್ತೆ, ಆದರೆ..."

"ನಿಧಾನವಾಗಿದ್ದರೆ ನಿಧಾನವಾಗಿ ಹತ್ತಬೇಕಿತ್ತಲ್ಲ?"

ನನ್ನದೇ ಮಾತುಗಳು ಒಂದಕ್ಷರ ಅತ್ತಿತ್ತಾಗದೆ ಬಂದು ನನ್ನನ್ನು ಇರಿಯುತ್ತಿದ್ದವು. ಪುಸ್ತಕ ಕೈಯಿಂದ ಕೈಗೆ ದಾಟಿತು, ಅಕ್ಷರ ಮುತ್ತಿನಂತಿದೆಯೆಂದರು. ಮುನಿರಾಜು ಗಿರಾಕಿಗಳಿಲ್ಲದೆ ಕಷ್ಟದಲ್ಲಿರುವುದನ್ನು ಕಂಡು ಕರುಣೆಯಿಂದ ಹೀಗೆ ಹೇಳುತ್ತಿದ್ದೀರಿ, ದೊಡ್ಡ ಮನಸ್ಸು ನಿಮ್ಮದು ಎಂದರು ಒಬ್ಬರು. ನಾನು ಕೆಟ್ಟವನೆಂದು ಒಪ್ಪಿಸಲು ಹೋಗಿ ಒಳ್ಳೆಯವನೆನಿಸಿಕೊಂಡು ಹಿಂದಿರುಗಿದೆ.

ಮರುದಿನ ಮುನಿರಾಜುವಿಗೆ ವರದಿ ಒಪ್ಪಿಸಿದೆ. "ನಂಬಲಿಲ್ಲ."

"ಹೆಂಗ್ ನಂಬ್ತಾರೆ ಸಾರ್? ನೀವು ಅಷ್ಟು ಚೆನ್ನಾಗಿ ಕಲ್ಸಿದೀರಿ ಅವ್ರಿಗೆ."

ಆದರೆ ಕುಳಿತುಕೊಳ್ಳಲು ಒಂದು ಸ್ಟೂಲು ಎಳೆದು ಕೊಟ್ಟರು. ಅಂದಿನಿಂದ ವಾರಕ್ಕೆರಡು ಸಲವಾದರೂ ಅಲ್ಲಿ ಹೋಗಿ ಕೂರುವುದು ನನಗೆ ಅಭ್ಯಾಸವಾಯಿತು. ಬೆಂಚಿನಲ್ಲಿಯೂ ನನ್ನ ಪ್ರಚಾರ ನಿಲ್ಲಲಿಲ್ಲ. ಬಾಯಿ ತೆರೆದೊಡನೆ "ಬಂತಪ್ಪ ಉಯ್ಯಾಲೆ" ಎನ್ನುತ್ತ ಒಬ್ಬೊಬ್ಬರೇ ವಾಕಿಂಗಿಗೆ ಏಳುತ್ತಿದ್ದರು. ಸುಳ್ಳನ್ನು ನಾನು ಹೇಳಿದ್ದು ಒಂದೇ ಸಲ. ಅದು ತಾನಾಗಿಯೇ ಹರಡಿತು. ನಿಜವನ್ನು ನೂರು ಸಲ ಹೇಳಿದೆ. ಅದು ಬೆಂಚು ಬಿಟ್ಟು ಅಲುಗಲಿಲ್ಲ.

ಹೊಸ ಶತಮಾನ ಬಂದು ಎರಡು ಮೂರು ವರ್ಷವಾಗಿರಬಹುದು. ಒಂದು ಬೆಳಗ್ಗೆ ಪೀಂ ಪೀಂ ಹೊತ್ತಿಗೆ ಗಡಿಯಾರ ಏಳಕ್ಕೆ ಎರಡೇ ನಿಮಿಷ ಕಡಿಮೆಯಿತ್ತು. ಮರುದಿನವೂ ಹಾಗೆಯೇ. ಒಂದು ವಾರ ಕಾದು ವಸುಧಾಳನ್ನು ಕೇಳಿದೆ. ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ವಿದ್ಯುತ್ತು ಎಳೆದರೆ ದಂಡ ತೆರಬೇಕೆಂಬ ಹೊಸ ನಿಯಮ ಬಂದಿದೆಯೆಂದೂ, ಎಲ್ಲರೂ ಕೈ ಬಿಗಿಹಿಡಿದು ಮಿತವಾಗಿ ಎಳೆಯುತ್ತಿರುವುದರಿಂದ ಈಗ ಐವತ್ತರ ಹತ್ತಿರವೇ ನಿಂತಿದೆಯೆಂದೂ ಅವಳು ಹೇಳಿದಳು. ಯಾರೂ ಮುಟ್ಟದೆಯೇ ಗಡಿಯಾರ ಸರಿಹೋಗಿತ್ತು. ಕೆಳಗಿನ ಕಂಬಳಿಯನ್ನು ಸಾವಿತ್ರಿ ಎಂದೋ ಎತ್ತಿ ಒಗೆಯಲು ಹಾಕಿದ್ದಳು.

ಅದೇ ವಾರ ಲಗ್ನಪತ್ರಿಕೆ ಕೊಡಲು ಮನೆಗೆ ಬಂದ ಶಾಮಣ್ಣನವರು ಕಪಾಟನ್ನು ನೋಡಿದರು, ತಮ್ಮ ಕೈಗಡಿಯಾರವನ್ನು ನೋಡಿದರು, ಮತ್ತೆ ಕಪಾಟನ್ನು ನೋಡಿದರು.

"ಏನ್ರೀ, ಸರಿಯಾಗಿದೆ?"

"ಆಗಿದೆ."

"ಅಂತೂ ಮುನಿರಾಜು ಕೈಲೇ ಮಾಡಿಸಿದ್ರಿ ಅನ್ನಿ. ಅದಕ್ಕೇ ವಾರಕ್ಕೆರಡು ಸಲ ಅಲ್ಲಿ ಹೋಗಿ ಕೂತ್ಕೋತಿದ್ರಿ. ಹೊರದೇಶದ ಮಾಲು, ಅದನ್ನ ಪಳಗಿಸಿದಾನೆ ಅಂದ್ರೆ ಸಾಮಾನ್ಯ ಅಲ್ಲ ಬಿಡಿ. ನಮ್ಮನೆ ಟೇಪ್‌ರೆಕಾರ್ಡರ್ ಮೂಲೆ ಸೇರಿ ಎರಡು ವರ್ಷ ಆಯ್ತು. ಕೊಡಲೇನು ಅವನಿಗೆ?"

ನಿಜ ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ರಾಜ್ಯಗಳು, ದಂಡ, ಐವತ್ತು. ಅದನ್ನು ಆಡಿದ್ದರೆ ಶಾಮಣ್ಣನವರು ಟೋಪಿ ಸರಿಮಾಡಿಕೊಂಡು ಏಳುತ್ತಿದ್ದರು, ಟೇಪ್‌ರೆಕಾರ್ಡರ್ ಮೂಲೆಯಲ್ಲಿಯೇ ಉಳಿಯುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತ ಸಾವಿತ್ರಿ, ನಾನು ಏನು ಹೇಳುವೆನೆಂದು ನೋಡುತ್ತಿದ್ದಳು.

"ಕೊಡಿ" ಎಂದೆ. "ಅವರಷ್ಟು ತಿಳಿದವರು ಈ ಕಡೆ ಯಾರೂ ಇಲ್ಲ."

ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆಡದೆ ನುಂಗಿದ್ದರ ಮಾತು ಬೇರೆ.

ಬೆಂಚು ತನ್ನ ಕೆಲಸ ಮಾಡಿತು. ಹದಿನೈದು ದಿನದೊಳಗೆ ಗಾಂಧಿಬಜಾರಿನಲ್ಲಿ ನನಗೇ ಒಬ್ಬರು ಈ ಕಥೆಯನ್ನು ಹೇಳಿದರು. ಯಾರೋ ಹಟಮಾರಿ ಮುದುಕರ ಬಳಿ ಜರ್ಮನಿಯ ಗಡಿಯಾರವೊಂದಿತ್ತಂತೆ, ಅದನ್ನು ಮಾಡಿದ ಕಂಪನಿಯವರೇ ಕೈಚೆಲ್ಲಿದ್ದರಂತೆ, ಹನುಮಂತನಗರದ ಮುನಿರಾಜು ಅದನ್ನು ತೆರೆಯದೆಯೇ, ಬರಿಯ ಕಿವಿಗೆ ಹಿಡಿದು ಕೇಳಿ ಸರಿಮಾಡಿದರಂತೆ. ಗಡಿಯಾರ ಜರ್ಮನಿಯದಲ್ಲ. ಅದನ್ನೂ ನಾನು ತಿದ್ದಲಿಲ್ಲ. ಜನಜನಿತವಾದ ಕಥೆಗಳು ಎಲ್ಲಿ ಹುಟ್ಟುತ್ತವೆಂದು ಜೀವನವಿಡೀ ಹುಡುಕಿದವನಿಗೆ, ಕಡೆಗೂ ಒಂದರ ಹುಟ್ಟೂರು ಸಿಕ್ಕಿತ್ತು: ಅದು ನಮ್ಮ ನಡುಮನೆ.

ಮುಂದಿನ ವಾರ ಅಂಗಡಿಗೆ ಹೋದಾಗ ಈರುಳ್ಳಿಯ ಮೂಟೆಗಳು ಹೊರಜಗುಲಿಗೆ ಬಂದಿದ್ದವು. ಒಳಗೆ ಹಲಗೆಯ ಮೇಲೆ ಮೂರು ಟಿವಿ, ಒಂದು ಮಿಕ್ಸಿ, ಮೇಜಿನ ಮೇಲೆ ಶಾಮಣ್ಣನವರ ಟೇಪ್‌ರೆಕಾರ್ಡರ್. ಮುನಿರಾಜು ತಲೆಯೆತ್ತದೆ ಕೇಳಿದರು.

"ಏನ್ ಸಾರ್, ನಿಮ್ಮ ಗಡಿಯಾರ ನಾನ್ ರಿಪೇರಿ ಮಾಡಿದ್ನಂತೆ?"

"ಹಾಗಂತ ಹೇಳುತ್ತಿದ್ದಾರೆ."

"ನಾನು ಮುಟ್ಟೇ ಇಲ್ಲ, ಕರೆಂಟು ಸರಿಹೋಯ್ತು ಅಂದೆ ಮೇಷ್ಟ್ರಿಗೆ. ಎಷ್ಟು ವಿನಯ ಅಂತ ಬೆನ್ನು ತಟ್ಟಿ ಹೋದ್ರು." ಸ್ಕ್ರೂ ಒಂದನ್ನು ಬಿಚ್ಚಿ ಬಟ್ಟಲಿಗೆ ಹಾಕಿದರು. "ಆವತ್ತೂ ಇದ್ದಿದ್ದನ್ನೇ ಹೇಳ್ದೆ, ಬೈದ್ರಿ. ಈಗ್ಲೂ ಇದ್ದಿದ್ದನ್ನೇ ಹೇಳ್ತಿದೀನಿ, ಹೊಗಳ್ತಿದೀರಿ. ಎರಡು ಸಲಾನೂ ನಂಬಿದೋರು ಮಾತ್ರ ಯಾರೂ ಇಲ್ಲ."

"ನಾನು ನಂಬುತ್ತೇನೆ" ಎಂದೆ.

ಮುನಿರಾಜು ತಲೆಯೆತ್ತಿ ನನ್ನನ್ನು ನೋಡಿದರು. ನಗು ಬಂದಂತಿತ್ತು, ಆದರೆ ನಗಲಿಲ್ಲ. ಟೇಪ್‌ರೆಕಾರ್ಡರಿನ ಬೆನ್ನು ಬಿಚ್ಚಿ, ಮೇಜಿನ ಕೆಳಗಿನಿಂದ ಒಂದು ಟಾರ್ಚು ತೆಗೆದು ನನ್ನ ಕೈಗೆ ಕೊಟ್ಟರು.

"ಹಂಗಾದ್ರೆ ಇಲ್ಲಿ ಬೆಳಕು ಬಿಡಿ ಸಾರ್. ಅಲುಗಾಡಿಸ್ಬೇಡಿ. ಮಾತೂ ಬೇಡ."

ನಾನು ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು, ಅವರು ತೋರಿಸಿದ ಜಾಗಕ್ಕೆ ಬೆಳಕು ಹಿಡಿದೆ.